ದೂರದರ್ಶಕದ ಕಂಬ ನಡುಗಿತೋ, ವಾಲಿತೋ? ಪಾಯದ ದೋಷ ಹುಡುಕುವ ಬಗೆ

ಫೋಟೊದಲ್ಲಿ ನಕ್ಷತ್ರ ಚುಕ್ಕೆಯಾಗಿ ಬರಬೇಕಿತ್ತು, ಗೆರೆಯಾಗಿ ಬಂದಿದೆ. ಹೋದ ತಿಂಗಳು ಚೌಕಟ್ಟಿನ ನಟ್ಟನಡುವೆ ಬರುತ್ತಿದ್ದ ಶನಿ ಈಗ ಅಂಚಿಗೆ ಸರಿದಿದೆ. ಯಾರೋ ಬಾಗಿಲು ಹಾಕಿದರೂ ಗುರು ಗ್ರಹ ಕುಣಿಯುತ್ತದೆ. ಇಂಥ ದೂರು ಬಂದಾಗ ಎಲ್ಲರೂ ಮೊದಲು ಬೈಯುವುದು ಮೌಂಟನ್ನು, ಅಂದರೆ ದೂರದರ್ಶಕವನ್ನು ಹೊತ್ತು ತಿರುಗಿಸುವ ಯಂತ್ರವನ್ನು. ಗೇರ್ ಸವೆದಿದೆ, ಸಾಫ್ಟ್‌ವೇರ್ ಕೆಟ್ಟಿದೆ, ಮಾರಿದವನು ಮೋಸ ಮಾಡಿದ. ನಾನೂ ಹಾಗೆ ಬೈದವನೇ. ಒಂದು ಮೌಂಟನ್ನು ಎರಡು ಸಲ ಪೆಟ್ಟಿಗೆ ಕಟ್ಟಿ ರಿಪೇರಿಗೆ ಕಳಿಸಿದ ಮೇಲೆ ಗೊತ್ತಾಯಿತು, ತಪ್ಪಿದ್ದದ್ದು ಅದರ ಕೆಳಗಿನ ಮಣ್ಣಿನಲ್ಲಿ.

ಈ ಬರಹ ಶಾಲೆ, ಕಾಲೇಜು, ಹವ್ಯಾಸಿ ಸಂಘಗಳ ಸಣ್ಣ ವೀಕ್ಷಣಾಲಯಗಳಿಗೆ. 8ರಿಂದ 16 ಇಂಚಿನ ದೂರದರ್ಶಕ, ನೆಲದಿಂದ ಎದ್ದ ಒಂದು ಕಂಬ (ನಾವು ಪಿಯರ್ ಅನ್ನುತ್ತೇವೆ), ಸುತ್ತ ಒಂದು ಗೋಪುರ ಅಥವಾ ಜಾರುವ ತಗಡಿನ ಚಾವಣಿ. ಅಷ್ಟು ಇದ್ದರೆ ಕೆಳಗಿನದೆಲ್ಲ ನಿಮಗೆ ಹೊಂದುತ್ತದೆ.

ಮೊದಲು ಒಂದು ಲೆಕ್ಕ. 1 ಆರ್ಕ್ ಸೆಕೆಂಡ್ ಎಂದರೆ 206 ಮೀಟರ್ ದೂರದಲ್ಲಿಟ್ಟ 1 ಮಿ.ಮೀ. ಕಡ್ಡಿ ಕಾಣುವಷ್ಟು ಕೋನ. ಒಂದು ಮೀಟರ್ ಅಗಲದ ಪಾಯದ ಒಂದು ಅಂಚು ಇನ್ನೊಂದಕ್ಕಿಂತ 5 ಮೈಕ್ರಾನ್ ಮೇಲೆದ್ದರೆ ಕಂಬ 1 ಆರ್ಕ್ ಸೆಕೆಂಡ್ ವಾಲಿತು. ತಲೆಕೂದಲಿನ ದಪ್ಪದ ಹತ್ತರಲ್ಲೊಂದು ಪಾಲೂ ಇಲ್ಲ ಅದು. ಮನೆ ಕಟ್ಟುವ ಎಂಜಿನಿಯರಿಗೆ ಪಾಯ ನಾಲ್ಕೈದು ಮಿ.ಮೀ. ಕೂತರೆ ಅದೊಂದು ಸುದ್ದಿಯೇ ಅಲ್ಲ. ಅದಕ್ಕೇ "ನಮ್ಮ ಮೂರಂತಸ್ತಿನ ಕಟ್ಟಡವೇ ನಿಂತಿದೆ, ನಿಮ್ಮ ಕಂಬ ನಿಲ್ಲಲ್ವಾ?" ಎಂಬ ಮಾತಿಗೆ ತಲೆ ಆಡಿಸಿ ಸುಮ್ನೆ ಬರಬೇಡಿ. ಎರಡೂ ಬೇರೆ ಬೇರೆ ಲೆಕ್ಕ.

ದೋಷ ಎಷ್ಟು ಹೊತ್ತಿಗೊಮ್ಮೆ ಬರುತ್ತದೆ?

ಸ್ಪ್ಯಾನರ್ ಮುಟ್ಟುವ ಮೊದಲು ಈ ಒಂದು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ನನ್ನ ಅನುಭವದಲ್ಲಿ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಸೆಕೆಂಡಿನೊಳಗೆ ಬಂದು ಹೋಗುವುದು ನಡುಕ. ಅದು ಕಾಲ್ನಡಿಗೆ, ಪಂಪು, ಗಾಳಿ, ರಸ್ತೆಯಿಂದ ಬರುತ್ತದೆ. ಸಂಜೆ ಶುರುವಾಗಿ ರಾತ್ರಿ ಕಡಿಮೆಯಾಗುವುದು ಬಿಸಿಲಿನ ಕಾಟ. ಮಳೆಗಾಲದಲ್ಲಿ ಒಂದು ಕಡೆ, ಬೇಸಿಗೆಯಲ್ಲಿ ಮತ್ತೆ ಹಿಂದಕ್ಕೆ ಹೋದರೆ ಮಣ್ಣು ಹಿಗ್ಗಿ ಕುಗ್ಗುತ್ತಿದೆ. ವರ್ಷಗಟ್ಟಲೆ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಪಾಯ ಕೂರುತ್ತಿದೆ. ಕೆಲವೇ ನಿಮಿಷಕ್ಕೊಮ್ಮೆ ಗಡಿಯಾರದಂತೆ ಮತ್ತೆ ಮತ್ತೆ ಬಂದರೆ ಮಾತ್ರ ನಿಮ್ಮ ಗೇರ್ ಪೆಟ್ಟಿಗೆ ತಪ್ಪಿತಸ್ಥ. ಆಗ ಈ ಬರಹ ಬಿಟ್ಟು ಮೌಂಟ್ ಬಿಚ್ಚಿ.

ನಡುಕ

ಹೆಚ್ಚಿನ ಅಲಂಕಾರ ಬೇಡದ ಪರೀಕ್ಷೆ: ಪಿಯರ್ ತಲೆಯ ಮೇಲೆ ಒಂದು ತಟ್ಟೆ ನೀರು ಇಡಿ. ಲೇಸರ್ ಪಾಯಿಂಟರನ್ನು ಕಂಬಕ್ಕೆ ತಾಗದ ಸ್ಟ್ಯಾಂಡಿಗೆ ಕಟ್ಟಿ, ಬೆಳಕು ನೀರಿಗೆ ಬಡಿದು ಎದುರು ಗೋಡೆಗೆ ಬೀಳುವಂತೆ ಹೊಂದಿಸಿ. ಈಗ ಒಬ್ಬರು ಕೋಣೆಯೊಳಗೆ ಓಡಾಡಲಿ. ನೆಲದ ಮೇಲೆ ಹೆಜ್ಜೆ ಬಿದ್ದಾಗಲೆಲ್ಲ ಚುಕ್ಕೆ ಹಾರಿದರೆ ನೆಲ ಮತ್ತು ಕಂಬ ಎಲ್ಲೋ ಕೈ ಹಿಡಿದುಕೊಂಡಿವೆ.

ಎಲ್ಲಿ ಎಂದು ಹೇಳಲು ನನಗೆ ಈಗ ಯೋಚನೆಯೇ ಬೇಡ. ಕಂಬದ ಸುತ್ತ ನೆಲಕ್ಕೂ ಅದಕ್ಕೂ ನಡುವೆ 25ರಿಂದ 50 ಮಿ.ಮೀ. ಸಂದು ಬಿಡಬೇಕು ಎಂದು ನಕ್ಷೆಯಲ್ಲಿ ಇರುತ್ತದೆ. ಮೇಸ್ತ್ರಿ ಬಿಟ್ಟೂ ಇರುತ್ತಾರೆ. ಆಮೇಲೆ ಟೈಲ್ಸ್ ಹಾಕುವವರು ಬರುತ್ತಾರೆ. ಸಂದು ನೋಡಲು ಚಂದ ಇಲ್ಲ ಅಂತ ಸಿಮೆಂಟು ತುಂಬಿ ಮೇಲೆ ಬಿಳಿ ಸಿಮೆಂಟು ಸವರಿ ಹೋಗುತ್ತಾರೆ. ಉದ್ಘಾಟನೆಯ ಹಿಂದಿನ ದಿನ ಇದು ಜಾಸ್ತಿ! ಹ್ಯಾಕ್ಸಾ ಬ್ಲೇಡು ತಗೊಂಡು ಸಂದಿನ ಸುತ್ತ ತೂರಿಸಿ ನೋಡಿ. ನೆಲದ ಸ್ಲ್ಯಾಬಿನ ಪೂರಾ ದಪ್ಪಕ್ಕೆ ಅದು ಸಲೀಸಾಗಿ ಇಳಿಯಬೇಕು. ಒಂದೇ ಒಂದು ಜಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೂ ಸಾಕು ನಡುಕ ದಾಟಲು. ಬಿಡಿಸಿ ತೆಗೆದು ಮೆತ್ತಗಿನ ಥರ್ಮೊಕೋಲ್ ಪಟ್ಟಿ ಇಟ್ಟರೆ ಇಲಿ, ಚೇಳಿನ ಕಾಟವೂ ಇಲ್ಲ. ದೊಡ್ಡವರ ಕೆಲಸವೂ ಹೀಗೇ. ನೈನಿತಾಲ್ ಬಳಿಯ ದೇವಸ್ಥಲದಲ್ಲಿ 2016ರಿಂದ ಇರುವ 3.6 ಮೀಟರ್ ದೂರದರ್ಶಕದ ಕಂಬಕ್ಕೂ ಅದರ ಕಟ್ಟಡಕ್ಕೂ ಪಾಯ ಬೇರೆ ಬೇರೆ.

ಸಂದು ಸರಿಯಿದ್ದೂ ನಡುಕ ಇದ್ದರೆ ಮೊಬೈಲನ್ನು ಕಂಬದ ತಲೆಗೆ ಟೇಪಿನಲ್ಲಿ ಬಿಗಿದು, ಕಂಪನ ಅಳೆಯುವ ಆಪ್ ಹಾಕಿ ಐದು ನಿಮಿಷ ದಾಖಲಿಸಿ. ಮೊಬೈಲಿನ ಸಂವೇದಕ ತೀರಾ ಸೂಕ್ಷ್ಮ ಅಲ್ಲ, ಆದರೆ ಕಂಪನದ ಆವರ್ತನ ಹೇಳಬಲ್ಲದು. 24 ಹರ್ಟ್ಸ್ ಹತ್ತಿರ ಸೂಜಿಯಂಥ ಮೊನೆ ಕಂಡರೆ ಎಲ್ಲೋ 1440 ಆರ್‌ಪಿಎಂ ಮೋಟರ್ ಓಡುತ್ತಿದೆ. 48ರ ಬಳಿ ಕಂಡರೆ 2880ರ ಮೋಟರ್. ನಿಮಿಷಕ್ಕೆ 1440 ಸುತ್ತನ್ನು 60ರಿಂದ ಭಾಗಿಸಿದರೆ 24, ಅಷ್ಟೇ ಲೆಕ್ಕ. ಪಕ್ಕದ ತೋಟದವರಿಗೆ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆ ಕೇಳಿ, ಅದೇ ಹೊತ್ತಿಗೆ ನಿಮ್ಮ ನಕ್ಷತ್ರ ಊದಿಕೊಂಡಿದ್ದರೆ ಕೇಸು ಮುಗಿಯಿತು.

ಬಂಡೆಯ ಮೇಲೆ ಪಾಯ ಹಾಕಿದವರು "ನಮಗೆ ಚಿಂತೆಯಿಲ್ಲ" ಅಂತ ಬೀಗುವುದುಂಟು. ಕೂರುವ ಚಿಂತೆ ಇಲ್ಲ, ನಿಜ. ಆದರೆ ಗಟ್ಟಿ ಬಂಡೆ ಕಂಪನವನ್ನು ಹೆಚ್ಚು ಸವೆಸದೆ ದೂರ ಒಯ್ಯುತ್ತದೆ. ಕಿಲೋಮೀಟರ್ ಆಚೆಯ ಕಲ್ಲು ಕ್ವಾರಿಯ ಸಿಡಿತ ಅಲ್ಲಿಗೆ ನೆಟ್ಟಗೆ ಬರುತ್ತದೆ. 1960ರ ದಶಕದಲ್ಲಿ ಗೌರಿಬಿದನೂರಿನ ಸುತ್ತ ಭೂಕಂಪ ಮಾಪಕಗಳ ಸಾಲು ನೆಟ್ಟದ್ದು ಇದೇ ಗುಣಕ್ಕೆ. ಅಲ್ಲಿನ ಹಳೆಯ ಗಟ್ಟಿ ಶಿಲೆಯಲ್ಲಿ ದೂರದೇಶದ ನೆಲದಡಿಯ ಅಣು ಪರೀಕ್ಷೆಯ ಸದ್ದೂ ಕೇಳುತ್ತದೆ. ಅವರಿಗೆ ಬೇಕಾದದ್ದು ನಮಗೆ ಬೇಡವಾದದ್ದು. ಮೆತ್ತನೆ ನೆಲ ಸಿಕ್ಕಿದರೆ ಬಚಾವ್ ಅಂತಲೂ ಅಲ್ಲ. ಅಮೆರಿಕದ ಲಿವಿಂಗ್‌ಸ್ಟನ್‌ನಲ್ಲಿ ಗುರುತ್ವ ಅಲೆ ಹಿಡಿಯುವ ಲೈಗೊ ಯಂತ್ರಕ್ಕೆ 4 ಕಿ.ಮೀ. ಉದ್ದದ ಎರಡು ತೋಳುಗಳಿವೆ. ಸುತ್ತಲ ಕಾಡಿನಲ್ಲಿ ಹಗಲು ಮರ ಕಡಿಯುವ ಕೆಲಸ ನಡೆದರೆ ಅದು ಓಡುತ್ತಲೇ ಇರಲಿಲ್ಲ. ಕೊನೆಗೆ ಅಡಿಯಲ್ಲಿ ಹೈಡ್ರಾಲಿಕ್ ವ್ಯವಸ್ಥೆ ಕೂರಿಸಿ ನೆಲದ ನಡುಕವನ್ನು ತಡೆಯಬೇಕಾಯಿತು.

ಇನ್ನು ಕಂಬವೇ ತೆಳ್ಳಗಿರಬಹುದು. ಕೈಯಿಂದ ಒಮ್ಮೆ ತಟ್ಟಿ, ನಕ್ಷತ್ರ ಎಷ್ಟು ಹೊತ್ತಿಗೆ ಸುಮ್ಮನಾಗುತ್ತದೆ ನೋಡಿ. ಒಂದು ಸೆಕೆಂಡಿನೊಳಗೆ ಆದರೆ ಒಳ್ಳೆಯದು, ಮೂರು ನಾಲ್ಕು ಸೆಕೆಂಡು ತೂಗಿದರೆ ಕಂಬ ಸಣ್ಣದು ಅಥವಾ ಅದರ ಬುಡ ಸಡಿಲ. ಕಂಬದ ದಪ್ಪ ಎರಡು ಪಟ್ಟು ಮಾಡಿದರೆ ಬಾಗುವುದರ ವಿರುದ್ಧ ಅದರ ಬಿಗಿತ 16 ಪಟ್ಟು ಏರುತ್ತದೆ. ಫೂಟಿಂಗಿನ (ಕಂಬದ ಬುಡದಲ್ಲಿ ಮಣ್ಣಿನ ಮೇಲೆ ಕೂರುವ ಅಗಲ ಪಾಯದ) ಅಗಲ ಎರಡು ಪಟ್ಟಾದರೆ ಮಣ್ಣಿನ ಮೇಲೆ ಅದು ತೂಗಾಡುವುದರ ವಿರುದ್ಧದ ಬಿಗಿತ 8 ಪಟ್ಟು. ಕಬ್ಬಿಣದ ಪೈಪಿನ ಕಂಬವಾದರೆ ಒಳಗೆ ಒಣ ಮರಳು ತುಂಬಿ, ಗಂಟೆಯಂತೆ ಮೊಳಗುವುದು ನಿಲ್ಲುತ್ತದೆ. ಮದ್ರಾಸ್ ವೀಕ್ಷಣಾಲಯ ಕಟ್ಟಿದ 1792ರಲ್ಲಿ ಈ ಸೂತ್ರ ಹಿಡಿದು ಕೂತಿದ್ದರೋ ಇಲ್ಲವೋ, ಸುಮಾರು 10 ಟನ್ ತೂಕದ ಒಂದೇ ಗ್ರಾನೈಟ್ ಕಂಬ ನಿಲ್ಲಿಸಿದರು. ತಮಿಳು, ತೆಲುಗಿನಲ್ಲೂ ಬರಹ ಕೆತ್ತಿಸಿದರು. ಚೆನ್ನೈನ ನುಂಗಂಬಾಕ್ಕಂ ಹವಾಮಾನ ಕಚೇರಿಯ ಆವರಣದಲ್ಲಿ ಅದು ಈಗಲೂ ಇದೆ.

ಬಿಸಿಲು

ಇದು ಬೇಗ ಮುಗಿಯುವ ವಿಷಯ, ಆದರೆ ಲೆಕ್ಕ ನೋಡಿ ನನಗೇ ಆಶ್ಚರ್ಯ ಆಗಿತ್ತು. 30 ಸೆಂ.ಮೀ. ದಪ್ಪ, 2 ಮೀಟರ್ ಎತ್ತರದ ಕಾಂಕ್ರೀಟ್ ಕಂಬದ ಪಡುವಣ ಮುಖ ಮೂಡಣ ಮುಖಕ್ಕಿಂತ 5 ಡಿಗ್ರಿ ಬಿಸಿಯಾದರೆ ಅದರ ತಲೆ ಸುಮಾರು 70 ಆರ್ಕ್ ಸೆಕೆಂಡ್ ಓರೆಯಾಗುತ್ತದೆ. ಸಂಜೆ ಚಾವಣಿ ಬೇಗ ಸರಿಸಿ ಕಂಬಕ್ಕೆ ಇಳಿಬಿಸಿಲು ಬೀಳಲು ಬಿಟ್ಟವರಿಗೆ ಮೊದಲ ಎರಡು ಮೂರು ಗಂಟೆ ನಕ್ಷತ್ರ ಜಾರುವುದು ಇದಕ್ಕೇ. ಬಿಳಿ ಬಣ್ಣ ಬಳಿಯಿರಿ, ಸುತ್ತ ಥರ್ಮೊಕೋಲ್ ಸುತ್ತಿ, ಬಿಸಿಲು ಬೀಳುವ ಕಿಂಡಿ ಮುಚ್ಚಿ. ಒಂದು ವಾರ ನೋಡಿ, ಜಾರುವುದು ನಿಂತರೆ ಪಾಯ ಅಗೆಯುವ ಖರ್ಚು ಉಳಿಯಿತು.

ಮಳೆಗಾಲಕ್ಕೆ ವಾಲಿ ಬೇಸಿಗೆಗೆ ನೆಟ್ಟಗಾಗುವ ಕಂಬ

ಈಗ ನಾನು ಎರಡು ಸಲ ಮೌಂಟ್ ಕಳಿಸಿದ ಕಥೆ. ಗದಗಿನ ಕಡೆಯ ಒಂದು ಕಾಲೇಜು. ಎರೆ ನೆಲ. ಬೇಸಿಗೆಯಲ್ಲಿ ಪಾಯ ತೆಗೆದರು. "ನಾಕ್ ಅಡಿ ತಗದೀವ್ರಿ ಸರ್, ಕಲ್ಲಿನಂಗ ಗಟ್ಟಿ ಐತ್ರಿ" ಎಂದ ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ಒಣಗಿದ ಎರೆ ಕಲ್ಲಿನಷ್ಟೇ ಗಟ್ಟಿ. ಪಿಕಾಸಿ ಪುಟಿಯುತ್ತದೆ. ಅದೇ ಮಣ್ಣಿಗೆ ಎರಡು ಹದ ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ. ಬೇಸಿಗೆಯ ಗಟ್ಟಿತನ ನೋಡಿ ಎರೆ ಭೂಮಿಯಲ್ಲಿ ಪಾಯದ ಆಳ ತೀರ್ಮಾನಿಸುವುದು ನಾನು ಕಂಡ ತಪ್ಪುಗಳಲ್ಲೇ ದೊಡ್ಡದು. 63.5 ಕೆ.ಜಿ. ಗುಂಡನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ ಏಟು ಎಣಿಸಿ ಮಣ್ಣಿನ ಗಟ್ಟಿತನ ಅಳೆಯುವ ಎಸ್‌ಪಿಟಿ ಪರೀಕ್ಷೆಯೂ ಆ ಕಾಲದಲ್ಲಿ ಹೊಗಳಿಕೆಯ ವರದಿಯನ್ನೇ ಕೊಡುತ್ತದೆ.

ಮೇ ತಿಂಗಳಲ್ಲಿ ಎಲ್ಲ ಹೊಂದಿಸಿದೆವು. ಅಕ್ಟೋಬರ್‌ನಲ್ಲಿ ಹೋದರೆ ಯಾವ ಗ್ರಹಕ್ಕೆ ಗುರಿ ಹಾಕಿದರೂ ಪೂರ್ವ-ಪಶ್ಚಿಮವಾಗಿ ಸುಮಾರು 6 ಆರ್ಕ್ ನಿಮಿಷ ತಪ್ಪು (60 ಆರ್ಕ್ ಸೆಕೆಂಡ್ ಸೇರಿದರೆ 1 ಆರ್ಕ್ ನಿಮಿಷ). ಆಕಾಶದ ಧ್ರುವಕ್ಕೆ ಗುರಿ ಹಿಡಿದ, ಮೌಂಟ್ ತಿರುಗುವ ಅಕ್ಷ ಮಾತ್ರ ಹೆಚ್ಚುಕಡಿಮೆ ಸರಿಯೇ. ಕಂಬ ವಾಲಿದ್ದರೆ ಧ್ರುವವೂ ತಪ್ಪಬೇಕಿತ್ತಲ್ಲ ಎಂದು ಎಲ್ಲರೂ ಗಡಿಯಾರ, ಸಾಫ್ಟ್‌ವೇರ್, ಗೇರ್ ಎಂದು ಅಲೆದೆವು.

ನಮ್ಮ ಅಕ್ಷಾಂಶದ ಒಂದು ಚಮತ್ಕಾರ ನಮಗೆ ಆಗ ಹೊಳೆದಿರಲಿಲ್ಲ. ಗದಗಿನಲ್ಲಿ ಧ್ರುವ ದಿಗಂತದಿಂದ ಬರೀ 15 ಡಿಗ್ರಿ ಮೇಲಿದೆ. ಕಂಬ ಉತ್ತರಕ್ಕೋ ದಕ್ಷಿಣಕ್ಕೋ ವಾಲಿದರೆ ಆ ವಾಲು ಪೂರ್ತಿ ಧ್ರುವದ ತಪ್ಪಾಗಿ ಕಾಣುತ್ತದೆ. ಆದರೆ ಪೂರ್ವಕ್ಕೋ ಪಶ್ಚಿಮಕ್ಕೋ ವಾಲಿದರೆ ಅದರ ಕಾಲು ಭಾಗ ಮಾತ್ರ ಧ್ರುವದಲ್ಲಿ ಕಾಣುತ್ತದೆ (15 ಡಿಗ್ರಿಯ ಸೈನ್ 0.26). ಉಳಿದದ್ದೆಲ್ಲ ಗುರಿಯ ತಪ್ಪಾಗಿ, ಸಮಯದ ತಪ್ಪಿನ ವೇಷದಲ್ಲಿ ಬರುತ್ತದೆ. 6 ಆರ್ಕ್ ನಿಮಿಷ ವಾಲಿದ ಕಂಬ ಧ್ರುವದಲ್ಲಿ ತೋರಿಸುವುದು ಒಂದೂವರೆ ಆರ್ಕ್ ನಿಮಿಷ ಚಿಲ್ಲರೆ. ಪ್ರತಿ ರಾತ್ರಿ ಮೊದಲ ನಕ್ಷತ್ರಕ್ಕೆ ಹೊಂದಿಸಿ ಶುರು ಮಾಡುವವರಿಗಂತೂ ಇದು ಎಂದೂ ಕಾಣುವುದೇ ಇಲ್ಲ. ಹೊಂದಿಸುವ ಮೊದಲು ತಪ್ಪು ಎಷ್ಟಿತ್ತು ಎಂದು ಬರೆದಿಡಿ. ಅದು ಪುಕ್ಕಟೆ ಸಿಗುವ ಅಳತೆ.

ಧ್ರುವದ ತಪ್ಪು ಅಳೆಯಲು ಹಳೆಯ ಜಾರುವಿಕೆ ವಿಧಾನವೇ ಸಾಕು: ಒಂದು ನಕ್ಷತ್ರವನ್ನು ಹಿಂಬಾಲಿಸಿ, ಅದು ಎಷ್ಟು ಜಾರಿತು ಎಂದು ನೋಡುವುದು. 1 ಆರ್ಕ್ ನಿಮಿಷ ಧ್ರುವ ತಪ್ಪಿದ್ದರೆ ನಕ್ಷತ್ರ ಉತ್ತರ-ದಕ್ಷಿಣವಾಗಿ ಗಂಟೆಗೆ ಹೆಚ್ಚೆಂದರೆ 15.7 ಆರ್ಕ್ ಸೆಕೆಂಡ್ ಜಾರುತ್ತದೆ. ನೆತ್ತಿಯ ರೇಖೆಯ (ಉತ್ತರದಿಂದ ನೆತ್ತಿ ಹಾಯ್ದು ದಕ್ಷಿಣಕ್ಕೆ ಎಳೆದ ಗೆರೆಯ) ಬಳಿಯ ನಕ್ಷತ್ರ ಅಕ್ಷದ ಅಡ್ಡ ತಪ್ಪು, ಅಂದರೆ ಪೂರ್ವ-ಪಶ್ಚಿಮದ ತಪ್ಪು ಹೇಳುತ್ತದೆ. ಪೂರ್ವ ಅಥವಾ ಪಶ್ಚಿಮದಲ್ಲಿ ತಗ್ಗಿನಲ್ಲಿರುವುದು ಎತ್ತರದ ತಪ್ಪು ಹೇಳುತ್ತದೆ.

ಕೊನೆಗೆ ನಿಜ ಹೇಳಿದ್ದು ಲೇತ್ ಅಂಗಡಿಯಿಂದ ಕಡ ತಂದ ರಸಮಟ್ಟ. ಗಾರೆ ಕೆಲಸದ ರಸಮಟ್ಟ ಇದಕ್ಕೆ ಸಾಲದು. ಮೆಷಿನ್ ಕೂರಿಸುವವರದ್ದು ಬೇಕು, ಅದರ ಒಂದು ಗೀಟಿಗೆ ಮೀಟರಿಗೆ 0.02 ಮಿ.ಮೀ., ಅಂದರೆ 4 ಆರ್ಕ್ ಸೆಕೆಂಡ್. ಪಿಯರ್ ತಲೆಯ ಉಕ್ಕಿನ ತಟ್ಟೆಯ ಮೇಲೆ ಜಾಗ ಗುರುತು ಮಾಡಿ, 200 ಮಿ.ಮೀ. ಉದ್ದದ ಆ ರಸಮಟ್ಟ ಇಟ್ಟೆವು. ಮೇ ತಿಂಗಳಲ್ಲಿ ಆ ತಟ್ಟೆಯನ್ನು ಅದೇ ರಸಮಟ್ಟದಲ್ಲಿ ಮಟ್ಟ ಮಾಡಿದ್ದೆವು. ಈಗ ಗುಳ್ಳೆ ಒಂದು ತುದಿಗೆ ಅಂಟಿಕೊಂಡಿತ್ತು. ತಗ್ಗಿದ ತುದಿಯ ಅಡಿಗೆ ಫೀಲರ್ ಗೇಜಿನ (ದಪ್ಪ ಬರೆದಿರುವ ತೆಳು ತಗಡುಗಳ ಕಟ್ಟಿನ) ತಗಡು ತೂರಿಸುತ್ತಾ ಹೋದೆವು. 0.35 ಮಿ.ಮೀ.ಗೆ ಗುಳ್ಳೆ ನಡುವೆ ಬಂತು. 200ರಲ್ಲಿ 0.35 ಎಂದರೆ ಸರಿಯಾಗಿ 6 ಆರ್ಕ್ ನಿಮಿಷ. ರಸಮಟ್ಟವನ್ನು ಹಿಂದುಮುಂದು ತಿರುಗಿಸಿ ಇನ್ನೊಮ್ಮೆ ಓದಿ, ಇಲ್ಲದಿದ್ದರೆ ಅದರ ಸ್ವಂತ ತಪ್ಪೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ.

ವಾಲಿದ್ದು ಪೂರ್ವಕ್ಕೆ. ಹಾಗಾದರೆ ಎದ್ದದ್ದು ಪಶ್ಚಿಮದ ಅಂಚು. ಹೊರಗೆ ಬಂದು ನೋಡಿದರೆ ಪಶ್ಚಿಮದ ಗೋಡೆಯಲ್ಲಿ ಚಾವಣಿಯ ಮಳೆನೀರಿನ ಪೈಪು ನೇರ ಬುಡಕ್ಕೆ ಬೀಳುತ್ತಿತ್ತು! ಆ ಬದಿಯ ಎರೆ ನೀರು ಕುಡಿದು ಊದಿಕೊಂಡು ಪಾಯವನ್ನು ಎತ್ತಿತ್ತು. ಮಾರ್ಚ್ ಹೊತ್ತಿಗೆ ತಗಡು 0.1ಕ್ಕೆ ಇಳಿಯಿತು. ಆಗ ಇನ್ನು ಅನುಮಾನ ಉಳಿಯಲಿಲ್ಲ.

ಎರೆ ಹಿಗ್ಗುವುದಕ್ಕೆ ಕಾರಣ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ಅದರ ಪದರಗಳ ನಡುವೆ ನೀರು ಹೊಕ್ಕುತ್ತದೆ. ನಿಮ್ಮ ಮಣ್ಣು ಎಷ್ಟು ಹಿಗ್ಗುತ್ತದೆ ಎಂದು ಕಾಲೇಜಿನ ಪ್ರಯೋಗಶಾಲೆಯಲ್ಲೇ ನೋಡಬಹುದು. 425 ಮೈಕ್ರಾನ್ ಜರಡಿ ಹಿಡಿದ ಒಣ ಮಣ್ಣು 10 ಗ್ರಾಂನಂತೆ ಎರಡು 100 ಮಿ.ಲೀ. ಅಳತೆ ಜಾಡಿಗೆ ಹಾಕಿ. ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಭಟ್ಟಿ ನೀರು. ಕಡ್ಡಿಯಲ್ಲಿ ಕಲಕಿ ಗುಳ್ಳೆ ಬಿಡಿಸಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗುವುದಿಲ್ಲ. ನೀರಿನಲ್ಲಿ ಜಾಸ್ತಿಯಾದ ಗಾತ್ರವನ್ನು ಸೀಮೆಎಣ್ಣೆಯ ಗಾತ್ರದಿಂದ ಭಾಗಿಸಿ ನೂರರಿಂದ ಗುಣಿಸಿ. 50ರೊಳಗೆ ಬಂದರೆ ಹೆದರಿಕೆ ಕಡಿಮೆ. 100 ದಾಟಿದರೆ ಆ ಮಣ್ಣಿನ ಮೇಲೆ ನೇರವಾಗಿ ಕಂಬ ನಿಲ್ಲಿಸಬೇಡಿ.

ಏನು ಮಾಡಿದೆವು

ಮೊದಲು ನೀರು. ಪೈಪನ್ನು ದೂರದ ಚರಂಡಿಗೆ ತಿರುಗಿಸಿದೆವು. ಸುತ್ತ ಹೊರಗೆ ಇಳಿಜಾರಾಗಿ ಕಾಂಕ್ರೀಟ್ ಹಾಸಿದೆವು. ಮುಂದಿನ ಮಳೆಗಾಲದ ಕೊನೆಗೆ ತಗಡು 0.12ರಲ್ಲಿ ನಿಂತಿತು. ಮಕ್ಕಳಿಗೆ ಆಕಾಶ ತೋರಿಸಲು ಅಷ್ಟು ಸಾಕಿತ್ತು, ಫೋಟೊಗೆ ಸಾಲದು. ಯಾರೋ ಪಕ್ಕದ ಬೇವಿನ ಮರ ಕಡಿಯೋಣ ಎಂದರು. ಎರೆಯಲ್ಲಿ ಇದು ತಿರುಗುಬಾಣ. ಮರ ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ಆಮೇಲೆ ವರ್ಷಗಟ್ಟಲೆ ನೆಲ ಎದ್ದೇಳುತ್ತದೆ. ಮರ ಬಿಟ್ಟೆವು.

ಫೋಟೊಗೆ ಹೊಸ ಕಂಬವೇ ಬೇಕಾಯಿತು. ನಮ್ಮ ಎರೆ ಭೂಮಿಯಲ್ಲಿ ಹಿಗ್ಗು ಕುಗ್ಗು ಸುಮಾರು 3.5 ಮೀಟರ್ ಆಳದವರೆಗೆ ಇರುತ್ತದೆ ಎಂದು ಹಿಡಿಯುವುದು ರೂಢಿ. ಅದಕ್ಕಿಂತ ಕೆಳಗೆ ಕಾಲೂರಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲಿ ಬೆಳೆಸಿದ ಅಂಡರ್‌ರೀಮ್ಡ್ ಪೈಲ್ ಇದಕ್ಕೆಂದೇ ಇರುವುದು. ಸಣ್ಣ ರಂಧ್ರ ಕೊರೆದು ತಳದ ಬಳಿ ಅದನ್ನು ಕಾಂಡದ ಸುಮಾರು ಎರಡೂವರೆ ಪಟ್ಟು ಅಗಲಕ್ಕೆ ಗೆಡ್ಡೆಯಂತೆ ಹಿಗ್ಗಿಸಿ ಕಾಂಕ್ರೀಟ್ ತುಂಬುತ್ತಾರೆ. ಮೇಲಿನ ಮಣ್ಣು ಎತ್ತಲು ನೋಡಿದರೂ ಗೆಡ್ಡೆ ಬಿಡುವುದಿಲ್ಲ. ಮೂರು ಪೈಲ್ ಮುಕ್ಕೋನದಲ್ಲಿ ಇಳಿಸಿ ಮೇಲೆ ಒಂದು ದಪ್ಪ ಕ್ಯಾಪ್, ಅದರ ಮೇಲೆ ಕಂಬ. ಕ್ಯಾಪಿನ ಅಡಿಗೂ ಮಣ್ಣಿಗೂ ನಡುವೆ 80 ಮಿ.ಮೀ. ಖಾಲಿ ಜಾಗ ಬಿಡಿಸಿದೆವು. ಇದನ್ನು ಮರೆತರೆ ಊದಿದ ಮಣ್ಣು ಕ್ಯಾಪನ್ನೇ ನೂಕುತ್ತದೆ, ಪೈಲ್ ಹಾಕಿದ ದುಡ್ಡು ನೀರಿಗೆ. ಆ ಖಾಲಿ ಜಾಗಕ್ಕೂ ಯಾರೋ ಮಣ್ಣು ತುಂಬಲು ಬಂದಿದ್ದರು, ನಾನು ಅಡ್ಡ ನಿಂತೆ.

ಎರೆ ಅಲ್ಲದ ಊರುಗಳಲ್ಲಿ

ಕೋಲಾರ, ತುಮಕೂರಿನ ಕೆಂಪು ಮಣ್ಣು ಸಾಧು ಪ್ರಾಣಿ. ಅಲ್ಲಿನ ಮೋಸ ಬೇರೆ. ಎರಡು ಮೀಟರ್ ಕೊರೆದಾಗ ಬಂಡೆ ಸಿಗುತ್ತದೆ, ಎಲ್ಲರೂ ಸಿಹಿ ಹಂಚುತ್ತಾರೆ. ಅದು ತಾಯಿಬಂಡೆಯೋ, ಕೊಳೆತ ಶಿಲೆಯೊಳಗೆ ಹುದುಗಿದ ಬಿಡಿ ಗುಂಡೋ? ಕನಿಷ್ಠ 3 ಮೀಟರ್ ಬಂಡೆಯೊಳಗೆ ಕೊರೆಸಿ, ಹೊರಬಂದ ಕಲ್ಲಿನ ತುಂಡುಗಳನ್ನು ಸಾಲಾಗಿ ಜೋಡಿಸಿ ನೋಡಿ. 10 ಸೆಂ.ಮೀ.ಗಿಂತ ಉದ್ದದ ತುಂಡುಗಳನ್ನು ಕೂಡಿಸಿದರೆ ಕೊರೆದ ಉದ್ದದ ಮುಕ್ಕಾಲಾದರೂ ಆಗಬೇಕು. ಅರ್ಧಕ್ಕಿಂತ ಕಡಿಮೆ ಬಂದರೆ ಅದು ಬಿರುಕಿನ ಗೂಡು. ಅದಕ್ಕೂ ಮೊದಲು ಒಂದು ಪುಕ್ಕಟೆ ಕೆಲಸ ಇದೆ. ಹತ್ತಿರದ ಹಳೆಯ ತೆರೆದ ಬಾವಿಗೆ ಇಣುಕಿ. ಅದರ ಗೋಡೆಯಲ್ಲಿ ನಿಮ್ಮ ಪಾಯದ ಪೂರ್ತಿ ಜಾತಕ ಇರುತ್ತದೆ. ಮೇಲಿನ ಮಣ್ಣು, ಗರಸು, ಕೊಳೆತ ಕಲ್ಲು, ಬಂಡೆ, ಎಲ್ಲ ಪದರ ಪದರವಾಗಿ. ಊರ ಹಿರಿಯರನ್ನು "ಇಲ್ಲಿ ಹಿಂದೆ ಕೆರೆ ಇತ್ತಾ?" ಅಂತಲೂ ಕೇಳಿ. ತುಂಬಿಸಿದ ಕೆರೆಯಂಗಳದಲ್ಲಿ ಕಟ್ಟಿದ ಕಂಬ ವರ್ಷಗಟ್ಟಲೆ ಒಂದೇ ದಿಕ್ಕಿಗೆ ಕೂರುತ್ತಾ ಹೋಗುತ್ತದೆ.

ಮಂಗಳೂರು, ಉಡುಪಿ ಕಡೆ ಮೇಲೆ ಮುರಕಲ್ಲು, ನೋಡಲು ಭದ್ರ. ಅದರ ಕೆಳಗೆ ಶೇಡಿ ಮಣ್ಣು ಇರುತ್ತದೆ. ಬಿಳಿ, ನಸುಗೆಂಪು, ಒಣಗಿದ್ದಾಗ ಚೆನ್ನಾಗಿಯೇ ನಿಲ್ಲುತ್ತದೆ. ನೀರು ತುಂಬಿದಾಗ ಕಸುವು ಕಳೆದುಕೊಂಡು ಜಾರುತ್ತದೆ. ಅಲ್ಲಿ ಗುಡ್ಡದ ಅಂಚಿನಲ್ಲಿ ಆಕಾಶ ಚೆನ್ನಾಗಿ ಕಾಣುತ್ತದೆ ಅಂತ ಕಂಬ ನಿಲ್ಲಿಸಲು ಹೊರಟವರು ಮುರಕಲ್ಲು ಎಷ್ಟು ದಪ್ಪ ಇದೆ ಎಂದು ಕೊರೆದು ನೋಡಿಯೇ ಮುಂದುವರಿಯಿರಿ. ಅಂಚಿನಿಂದ ಒಳಗೆ ಸರಿದರೆ ದಿಗಂತದ ಎರಡು ಡಿಗ್ರಿ ಹೋಗಬಹುದು, ಹೋಗಲಿ ಬಿಡಿ.

ಗೋಡೆಯಲ್ಲೋ ನೆಲದಲ್ಲೋ ಬಿರುಕು ಕಂಡರೆ ತಕ್ಷಣ ಸಿಮೆಂಟು ಮೆತ್ತಬೇಡಿ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಅಂಟಿನಲ್ಲಿ ಕೂರಿಸಿ, ಮೇಲೆ ತಾರೀಖು ಬರೆಯಿರಿ. ಗಾಜು ಒಡೆದರೆ ನೆಲ ಇನ್ನೂ ಅಲುಗುತ್ತಿದೆ. ಒಂದು ಮಳೆಗಾಲ ದಾಟಿಯೂ ಒಡೆಯದಿದ್ದರೆ ಅದು ಹಳೆಯ ಬಿರುಕು, ಆಗ ಮೆತ್ತಿ.

ಗದಗಿನ ಹೊಸ ಕಂಬದ ತಟ್ಟೆಯ ಮೇಲೆ ಈಗಲೂ ರಸಮಟ್ಟದ ಜಾಗಕ್ಕೆ ಕೆಂಪು ಬಣ್ಣದ ಗುರುತಿದೆ. ತಿಂಗಳಿಗೊಮ್ಮೆ ಒಬ್ಬ ವಿದ್ಯಾರ್ಥಿ ಓದಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯುತ್ತಾನೆ. ಮೊದಲ ವರ್ಷದ ಓದುಗಳೆಲ್ಲ ಮೂರು ಗೀಟಿನೊಳಗೇ ಇವೆ. ಆಗಸ್ಟ್ ತಿಂಗಳದ್ದು ಮಾತ್ರ ಖಾಲಿ. ಆ ದಿನ ರಸಮಟ್ಟವನ್ನು ಲೇತ್ ಅಂಗಡಿಯವರು ವಾಪಸ್ ಇಸ್ಕೊಂಡಿದ್ದರು.